ಕಲ್ಲಿನಾಥ ಅರ್ಧ ದಿನ ಹಿರಿಯನಾದದ್ದು

ಎಲ್ಲ ಶುರುವಾದದ್ದು ಒಂದು ಕೆಂಪು ಚೌಕದಿಂದ. ಚೌಕದ ಮೇಲೆ ‘ಹುಟ್ಟಿದ ಇಸವಿ’ ಎಂದು ಬರೆದಿತ್ತು. ಅದನ್ನು ತುಂಬದ ಹೊರತು ಮುಂದಕ್ಕೆ ಬಿಡುವುದಿಲ್ಲವೆಂದು ಕಂಪ್ಯೂಟರು ಹಟ ಹಿಡಿದು ಕೂತಿತ್ತು. ಕಲ್ಲಿನಾಥ ಒಂದು ಇಸವಿ ತುಂಬಿದ. ಅವನು ಮಾಡಿದ ತಪ್ಪು ಅಷ್ಟೇ.

ಆಳಂದದ ಬಸ್ ನಿಲ್ದಾಣದ ಹಿಂದೆ ಕಲ್ಲಿನಾಥನದು ಲಗ್ನಪತ್ರಿಕೆ ಛಾಪಿಸುವ ಅಂಗಡಿ. ಸರಸಂಬಾದಲ್ಲಿ ಲಗ್ನವಾಗಲಿ, ಮಟಕಿಯಲ್ಲಿ ಗೃಹಪ್ರವೇಶವಾಗಲಿ, ಪತ್ರಿಕೆ ಅವನಲ್ಲೇ ಆಗಬೇಕು. ಇಪ್ಪತ್ತು ವರ್ಷದ ಈ ಕೆಲಸದಲ್ಲಿ ಅವನು ಕಲಿತದ್ದು ಒಂದೇ ಸತ್ಯ: ಮದುಮಗನ ಹೆಸರು ತಪ್ಪಿದರೆ ಜನ ನಕ್ಕು ಸುಮ್ಮನಾಗುತ್ತಾರೆ; ಆದರೆ ಕೆಳಗೆ ‘ತಮ್ಮ ಸುಖಾಗಮನ ಬಯಸುವವರು’ ಎಂಬಲ್ಲಿ ದೊಡ್ಡಪ್ಪನ ಹೆಸರಿಗಿಂತ ಮೇಲೆ ಕಾಕಾನ ಹೆಸರು ಬಂತೋ, ಪತ್ರಿಕೆಯ ಕಟ್ಟು ತಂದು ಅಂಗಡಿಯ ಮುಂದೆ ಒಗೆದು ಹೋಗುತ್ತಾರೆ.

ಊರವರ ಅಣ್ಣತಮ್ಮಂದಿರನ್ನೆಲ್ಲ ಹಿರಿ-ಕಿರಿ ನೋಡಿ ಸಾಲಾಗಿ ನಿಲ್ಲಿಸುತ್ತಿದ್ದ ಕಲ್ಲಿನಾಥನಿಗೆ ತನ್ನವರು ಅನ್ನುವವರು ಒಬ್ಬರೂ ಇರಲಿಲ್ಲ. ಅಪ್ಪ ಒಬ್ಬನೇ ಮಗ, ತಾನೂ ಒಬ್ಬನೇ ಮಗ. ಹೋದ ವರ್ಷ ಹೊಸ ಮನೆ ಕಟ್ಟಿಸಿ ಗೃಹಪ್ರವೇಶದ ಪತ್ರಿಕೆ ತಾನೇ ಛಾಪಿಸಿದಾಗ ಸುಖಾಗಮನ ಬಯಸುವವರ ಜಾಗದಲ್ಲಿ ಅವನು ಮತ್ತು ಹೆಂಡತಿ ವಿದ್ಯಾವತಿ, ಇಬ್ಬರೇ. ಉಳಿದ ಬಯಲಿನಲ್ಲಿ ಒಂದು ಗಣಪತಿ, ಎರಡು ಬಾಳೆಗಿಡ, ನಾಲ್ಕು ಆನೆ ತುಂಬಿಸಿದ. ಪಕ್ಕದಲ್ಲೇ ರವಿಕೆ ಹೊಲಿಯುವ ಅಂಗಡಿ ಇಟ್ಟಿದ್ದ ಹಮೀದಾಬೇಗಂ ಪತ್ರಿಕೆಯನ್ನು ಹಿಂದುಮುಂದು ತಿರುಗಿಸಿ ನೋಡಿ ಅಂದಳು:

“ಭಾಯಿಸಾಬ್, ಮಂದಿ ಕಮ್ಮಿ ಆಗಿ ಆನಿ ಜಾಸ್ತಿ ಆಗ್ಯಾವಲ್ರಿ!”

ಆ ಮಾತು ಮುಳ್ಳಿನ ಹಾಗೆ ಚುಚ್ಚಿ ಒಳಗೇ ಮುರಿಯಿತು. ಅಂದಿನಿಂದ ಕಲ್ಲಿನಾಥ ಅಂಗಡಿಯ ಕಂಪ್ಯೂಟರಿನಲ್ಲಿ ವಂಶವೃಕ್ಷದ ವೆಬ್‌ಸೈಟುಗಳನ್ನು ಜಾಲಾಡತೊಡಗಿದ. ಹೆಳವರು ಗೊತ್ತಲ್ಲ, ಎತ್ತು ಹೊಡೆದುಕೊಂಡು ಊರೂರು ತಿರುಗಿ ಮನೆತನಗಳ ಹೆಸರು ಹಾಡುವವರು, ಅವರ ಹಳೇ ಪುಸ್ತಕಗಳ ಪುಟಗಳನ್ನು ಯಾರೋ ಪುಣ್ಯಾತ್ಮರು ಅಲ್ಲಿ ಫೋಟೋ ಹಿಡಿದು ಹಾಕಿದ್ದರು. ಮೂರು ತಿಂಗಳು ಹುಡುಕಿದ ಮೇಲೆ ಒಂದು ಪುಟದಲ್ಲಿ ತನ್ನ ಹಿರೀಕರ ಊರು ಮಟಕಿ ಸಿಕ್ಕಿತು, ತನ್ನ ಮನೆತನದ ಬೆಡಗು ಸಿಕ್ಕಿತು, ತನ್ನ ಮುತ್ತಜ್ಜ ಗುರುಪಾದಪ್ಪನೂ ಸಿಕ್ಕಿದ. ಅದೇ ಸಾಲಿನಲ್ಲಿ ಗುರುಪಾದಪ್ಪನ ಒಡಹುಟ್ಟಿದ ಶಿವಲಿಂಗಪ್ಪ, ‘ಜೇವರ್ಗಿ ಕಡೆ ಹೋದ’ ಎಂಬ ಷರಾ ಸಮೇತ!

ಇಬ್ಬರಲ್ಲಿ ಅಣ್ಣ ಯಾರು, ತಮ್ಮ ಯಾರು, ಹೆಳವ ಬರೆದಿರಲಿಲ್ಲ. ತನ್ನ ವಂಶಾವಳಿಯನ್ನು ಆ ವೆಬ್‌ಸೈಟಿಗೆ ಹಾಕಹೊರಟರೆ ಕೆಂಪು ಚೌಕ ಮಾತ್ರ ಕೇಳುತ್ತಲೇ ಇತ್ತು. ಕಲ್ಲಿನಾಥ ಗುರುಪಾದಪ್ಪನಿಗೆ ೧೮೮೮ ಎಂದೂ ಶಿವಲಿಂಗಪ್ಪನಿಗೆ ೧೮೯೦ ಎಂದೂ ಕುಟ್ಟಿದ. ಕೆಟ್ಟ ಬುದ್ಧಿ ಏನಿರಲಿಲ್ಲ. ‘ನಮ್ಮ ಹೆಸ್ರು ಮೊದಲ ಹಾಕ್ರಿ’ ಎಂದು ಗಿರಾಕಿಗಳು ಹೇಳಿದ್ದನ್ನು ಇಪ್ಪತ್ತು ವರ್ಷ ಕೇಳಿದ ಕೈ, ತಾನಾಗಿಯೇ ತನ್ನವನನ್ನು ಮೊದಲು ಹಾಕಿತು.

ಎಂಟನೇ ದಿನಕ್ಕೆ ಜೇವರ್ಗಿಯಿಂದ ಫೋನ್ ಬಂತು.

“ಶರಣರಿ. ನಾ ದೌಲತರಾಯ, ರಿಟೈರ್ ಮಾಸ್ತರ. ಶಿವಲಿಂಗಪ್ಪನ ಮರಿಮೊಮ್ಮಗ. ನಿಮ್ಮ ವಂಶಾವಳಿ ನೋಡಿದೆ. ಹಿರಿ ಮನಿಯವ್ರು ಸಿಕ್ಕಿರಿ ಅಂತ ನಮ್ಮ ಮನ್ಯಾಗ ಎಲ್ಲಾರೂ ಅಳಾಕತ್ತಾರ್ರಿ!”

ಕಲ್ಲಿನಾಥನೂ ಅತ್ತ. ಬರುವ ಮಂಗಳವಾರ ಘತ್ತರಗಿಯಲ್ಲಿ, ಭೀಮಾ ದಂಡೆಯ ಭಾಗ್ಯವಂತಿ ಗುಡಿಯ ಎದುರಿಗೆ, ಎರಡೂ ಮನೆಯವರು ಕೂಡುವುದೆಂದು ಗೊತ್ತಾಯಿತು.

ಮಂಗಳವಾರ ಬೆಳಿಗ್ಗೆ ಬಾಡಿಗೆ ಕ್ರೂಸರ್ ಬಂದು ನಿಂತಾಗ ಮುಂದಿನ ಸೀಟಿನಲ್ಲಿ ದೇವೀಂದ್ರಪ್ಪ ಆಗಲೇ ಕೂತಿದ್ದ. ಎದುರು ಮನೆಯ ದೇವೀಂದ್ರಪ್ಪ ಮೂವತ್ತೆರಡು ವರ್ಷ ಟಪಾಲು ಹಂಚಿ ನಿವೃತ್ತನಾದವನು. ಯಾರ ಮನೆಗೆ ಏನು ಬಂತು ಎಂಬ ಚಿಂತೆಗೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿರಲಿಲ್ಲ.

“ನೀವೆಲ್ಲಿಗ್ರಿ?” ಅಂದ ಕಲ್ಲಿನಾಥ.

“ನಿಮ್ಮ ಸಂಗಾಟ. ಕಂಪ್ಯೂಟರ್ ನಂಬಿ ಹೊಂಟೀರಿ. ಅಡ್ರೆಸ್ ತಪ್ಪಿದ್ರ? ನಾ ಇರ್ಬೇಕಿಲ್ಲೋ?”

ಹಿಂದಿನ ಸೀಟಿನಲ್ಲಿ ವಿದ್ಯಾವತಿಯ ಪಕ್ಕ ಹಮೀದಾಬೇಗಂ. “ನಿಮ್ಮ ಕಡೆ ಮಂದಿ ಕಮ್ಮಿ ಬಿದ್ರ ಛಲೋ ಕಾಣಂಗಿಲ್ಲ ಭಾಯಿಸಾಬ್. ಅಂಗಡಿ ಬಂದ್ ಮಾಡೇ ಬಂದೇನಿ.”

ಬಂಧುಗಳನ್ನು ನೋಡಲು ಹೊರಟವನು ನೆರೆಯವರನ್ನು ಇಳಿಸುವುದು ಹೇಗೆ? ಗಾಡಿ ಹೊರಟಿತು. ಅಫಜಲಪುರದಲ್ಲಿ ಚಹಾಕ್ಕೆ ನಿಂತಾಗ ಕಲ್ಲಿನಾಥ ಖುಷಿಯಲ್ಲಿ ಎರಡು ತಾಟು ಮಿರ್ಚಿ ಭಜಿ ತಿಂದ. ಅವನ ತೂಕ ತೊಂಬತ್ತೈದು ಕಿಲೋ. ಖುಷಿಯಾದಾಗ ಅವನು ತಿನ್ನುತ್ತಿದ್ದ, ಬೇಜಾರಾದಾಗಲೂ ತಿನ್ನುತ್ತಿದ್ದ.

ಘತ್ತರಗಿಯಲ್ಲಿ ಗಾಡಿಯಿಂದ ಇಳಿಯುವುದರೊಳಗೆ ಹಲಗೆ ವಾದ್ಯ ಬಾರಿಸತೊಡಗಿದರು. ಹೊಳೆಯ ಮೆಟ್ಟಿಲ ಹತ್ತಿರ ಶಾಮಿಯಾನ. ಅದರ ಕೆಳಗೆ ನಲವತ್ತಕ್ಕೂ ಮೇಲೆ ಮಂದಿ. ಒಂದು ಕಡೆ ಕಲ್ಲಿನ ಒಲೆ ಹೂಡಿ ಹೆಂಗಸರು ಹೋಳಿಗೆ ಬೇಯಿಸುತ್ತಿದ್ದರು. ಮಂದಿಯ ನಡುವಿನಿಂದ ಬೆಳ್ಳನೆಯ ಮೀಸೆಯ ದೌಲತರಾಯ ಓಡಿ ಬಂದು ಕಲ್ಲಿನಾಥನ ಕಾಲಿಗೆ ಬಗ್ಗಿದ.

“ಅಯ್ಯಯ್ಯ, ಇದೇನ್ರಿ! ನೀವು ನನಗಿಂತ ಇಪ್ಪತ್ತು ವರ್ಷ ದೊಡ್ಡವ್ರು.”

“ಮನಿ ಹಿರಿತನಕ್ಕ ವಯಸ್ಸಿಲ್ರಿ. ನಿಮ್ಮದು ಹಿರಿ ಮನಿ, ನಮ್ಮದು ಕಿರಿ ಮನಿ.”

ಗುಲಾಬಿ ಬಣ್ಣದ ರುಮಾಲು ಬಂತು. ದೌಲತರಾಯ ಅದನ್ನು ಕಲ್ಲಿನಾಥನ ತಲೆಗೆ ಸುತ್ತಿದ. ಹೆಂಗಸರು ವಿದ್ಯಾವತಿಗೆ ಉಡಿ ತುಂಬಿದರು. ಒಬ್ಬೊಬ್ಬರಾಗಿ ಬಂದು ಕಾಲು ಮುಟ್ಟಿ, ‘ಕಾಕಾ’, ‘ಮಾಮಾ’, ‘ಮುತ್ಯಾ’ ಎಂದು ಕರೆದು ತಮ್ಮ ಹೆಸರು ಹೇಳಿ ಹೋದರು. ಕಲ್ಲಿನಾಥ ಉಬ್ಬಿದ, ಎಣ್ಣೆಗೆ ಬಿಟ್ಟ ಪೂರಿಯೂ ಅಷ್ಟು ಉಬ್ಬುವುದಿಲ್ಲ.

ದೌಲತರಾಯ ಪಕ್ಕದಲ್ಲಿ ಕೂತು ಮೆಲ್ಲಗೆ ಅಂದ: “ಮುಂದಿನ ತಿಂಗಳು ನನ್ನ ಮೊಮ್ಮಗಳ ಲಗ್ನ ಅದ. ಪತ್ರಿಕಾ ನೀವೇ ಮಾಡ್ಬೇಕು. ಸುಖಾಗಮನ ಬಯಸುವವರು ಅಂತ ಬರ್ತದಲ್ರಿ, ಅಲ್ಲಿ ಮೊದಲ್ನೇ ಹೆಸರು ನಿಮ್ಮದೇ.”

ಕಲ್ಲಿನಾಥನ ಕಣ್ಣು ಮಂಜಾದವು. ಮೊದಲನೇ ಹೆಸರು! ಅದರ ಕೆಳಗೆ ನಲವತ್ತು ಹೆಸರು! ಆನೆಗೆ ಬಾಲ ಇಡಲಿಕ್ಕೂ ಜಾಗ ಉಳಿಯುವುದಿಲ್ಲ!

“ಆದ್ರ ಲಗ್ನಕ್ಕಿಂತ ಮೊದಲ ಒಂದು ಕೆಲಸ ಆಗ್ಬೇಕಾಗ್ಯಾದ,” ಎಂದು ದೌಲತರಾಯ ಮುಂದುವರಿಸಿದ. “ಶಿವಲಿಂಗಪ್ಪ ಮುತ್ಯಾ ಇದೇ ಹೊಳಿ ದಂಡ್ಯಾಗ ಹರಕಿ ಹೊತ್ತಿದ್ನಂತ. ಅಗಲಿದ ಅಣ್ಣತಮ್ಮರ ಮನಿ ಮತ್ತ ಕೂಡಿದ್ರ, ಹೊಳಿಯಿಂದ ಗುಡಿ ಬಾಗ್ಲತನಕ ದೀಡ ನಮಸ್ಕಾರ. ಹರಕಿ ಬಾಕಿ ಇಟ್ಟು ಲಗ್ನ ಮಾಡಬ್ಯಾಡ್ರಿ ಅಂತ ಬೀಗರು ಪಟ್ಟು ಹಿಡದಾರ.”

“ಹರಕಿ ತೀರಿಸ್ಬೇಕ್ರಿ ಮತ್ತ,” ಎಂದ ಕಲ್ಲಿನಾಥ ಹಿರಿಯನ ಗತ್ತಿನಲ್ಲಿ. “ಯಾರು ಹಾಕವ್ರು?”

“ಹಿರಿ ಮನಿಯವ್ರೇ ಹಾಕ್ಬೇಕಲ್ರಿ. ಹಿರಿತನ ಅಂದ್ರ ಬರೇ ರುಮಾಲೇನು?”

ಹೊಳೆಯಲ್ಲಿ ಮುಳುಗಿ ಎದ್ದು, ಒದ್ದೆ ಧೋತರದಲ್ಲಿ ನೆಲದ ಮೇಲೆ ಮೈಯುದ್ದ ಬೀಳಬೇಕು. ಚಾಚಿದ ಕೈ ಎಲ್ಲಿಗೆ ಮುಟ್ಟಿತೋ ಅಲ್ಲಿ ಗೆರೆ ಎಳೆಯಬೇಕು. ಎದ್ದು ಆ ಗೆರೆಯ ಮೇಲೆ ನಿಂತು ಮತ್ತೆ ಬೀಳಬೇಕು. ಹೀಗೆ ಗುಡಿ ಬಾಗಿಲವರೆಗೆ. ಕಲ್ಲಿನಾಥ ಹೊಳೆಯನ್ನು ನೋಡಿದ, ಗುಡಿಯನ್ನು ನೋಡಿದ. ನಡುವಿನ ದಾರಿ ಆಳಂದದಿಂದ ಕಲಬುರಗಿಯಷ್ಟು ಉದ್ದ ಕಂಡಿತು.

“ನಂಗ ಮೊಣಕಾಲು ನೋವದಲ್ರಿ...” ಎಂದು ಶುರು ಮಾಡಿದ.

“ಅರೆ ಭಾಯಿಸಾಬ್!” ಹಮೀದಾಬೇಗಂಗೆ ಖರೇನೇ ಅಚ್ಚರಿಯಾಯಿತು. “ಮೊನ್ನಿ ನಮ್ಮ ಮಗಳು ಮಹೆಕನ ಶಾದಿಯಾಗ ಬ್ಯಾಂಡಿನ ಮುಂದ ಒಂದು ತಾಸು ಕುಣದ್ರಲ್ಲ. ಆವಾಗಿನ ಮೊಣಕಾಲು ಬ್ಯಾರೇನ್ರಿ?”

“ಬಿಪಿ ಅದ ನಂಗ.”

“ಅಫಜಲಪುರದಾಗ ಎರಡನೇ ತಾಟು ಹೇಳಬೇಕಾರ ಬಿಪಿ ಎಲ್ಲಿಗೆ ಹೋಗಿತ್ತು?” ಅಂದ ದೇವೀಂದ್ರಪ್ಪ.

“ಬದಲೀ ಅರಬಿ ತಂದಿಲ್ಲ.”

“ಎಲ್ಲಾ ತಂದೇವ್ರಿ!” ಎಂದು ದೌಲತರಾಯ ಹೊಸ ಧೋತರ ಮುಂದೆ ಹಿಡಿದ. “ಹಿರ್ಯಾರು ಬರ್ತಾರಂದ್ರ ನಾವು ತಯಾರಿ ಇಲ್ದ ಇರ್ತೇವೇನು?”

ವಿದ್ಯಾವತಿಯಾದರೂ ಬಿಡಿಸುತ್ತಾಳೇನೋ ಎಂದು ಹೆಂಡತಿಯ ಕಡೆ ನೋಡಿದ. ಉಡಿ ತುಂಬಿಸಿಕೊಂಡು, ಹೊಸ ವಾರಗಿತ್ತಿಯರ ನಡುವೆ ಮಹಾರಾಣಿಯ ಹಾಗೆ ಕೂತಿದ್ದ ವಿದ್ಯಾವತಿ ಅಂದಳು: “ಹಾಕ್ರೀ. ಡಾಕ್ಟರ್ ನಿಮ್ಗ ವ್ಯಾಯಾಮ ಮಾಡ್ರಿ ಅಂತ ಎಂದಿನಿಂದ ಹೇಳಾಕತ್ತಾರ.”

ಹಲಗೆ ಮತ್ತೆ ಜೋರಾಯಿತು. ಹೊಸ ಅಣ್ಣತಮ್ಮಂದಿರು ಹಿರಿಯನನ್ನು ಮೆರವಣಿಗೆಯಲ್ಲಿ ಹೊಳೆಗೆ ಇಳಿಸಿದರು. ರುಮಾಲು ತೆಗೆಯುವುದು ಅಪಶಕುನವೆಂದು ಯಾರೋ ಅಂದದ್ದರಿಂದ ಅದು ತಲೆಯ ಮೇಲೆಯೇ ಉಳಿಯಿತು. ಕಲ್ಲಿನಾಥ ಎದೆಮಟ್ಟ ನೀರಿನಲ್ಲಿ ನಿಂತ. ನಿಂತೇ ನಿಂತ. ದಂಡೆಯಿಂದ ನೋಡುವವರಿಗೆ ಗುಲಾಬಿ ಬಣ್ಣದ ಕೊಡವೊಂದು ತೇಲಿದ ಹಾಗೆ ಕಾಣುತ್ತಿತ್ತು.

“ಲಗೂ ಮುಳುಗಿ ಬರ್ರೀ,” ದೇವೀಂದ್ರಪ್ಪ ಕೂಗಿದ, “ಈ ಹೊಳ್ಯಾಗ ಮೊಸಳಿ ಅದಾವಂತ!”

ಮೊಸಳೆ ಬಂದರೆ ಒಳ್ಳೆಯದೇ ಎನ್ನಿಸಿತು ಕಲ್ಲಿನಾಥನಿಗೆ. ಅವನೊಳಗೆ ಬೇರೆಯೇ ಕುಸ್ತಿ ನಡೆದಿತ್ತು. ಆ ಇಸವಿ ಸುಳ್ಳು ಎಂದು ಹೇಳಿಬಿಟ್ಟರೆ ಬೀಳುವುದು ಏಳುವುದು ತಪ್ಪುತ್ತದೆ. ಆದರೆ ರುಮಾಲು ಹೋಗುತ್ತದೆ, ಪತ್ರಿಕೆಯ ಮೊದಲನೇ ಹೆಸರು ಹೋಗುತ್ತದೆ. ಅದೂ ಹೋಗಲಿ, ಸುಳ್ಳ ಎಂದು ಈ ನಲವತ್ತು ಮಂದಿಯೂ ಎದ್ದು ಹೋದರೆ? ನಲವತ್ತಾರು ವರ್ಷಕ್ಕೆ ಸಿಕ್ಕ ಅಣ್ಣತಮ್ಮಂದಿರು ಮಧ್ಯಾಹ್ನದ ಊಟಕ್ಕೂ ಉಳಿಯದೆ ಹೋದರೆ? ಮತ್ತೆ ಆ ನಾಲ್ಕು ಆನೆಗಳೇ ಗತಿ. ಒಂದು ಕಡೆ ಮೊಣಕಾಲು, ಒಂದು ಕಡೆ ಬಳಗ.

ದಂಡೆಯ ಮೇಲೆ ಒಬ್ಬ ಹುಡುಗಿ ಟವೆಲ್ಲು ಹಿಡಿದು ಅವನನ್ನೇ ನೋಡುತ್ತ ನಿಂತಿದ್ದಳು. ಮದುವೆಯಾಗಲಿರುವ ಮೊಮ್ಮಗಳು ಅವಳೇ. “ಮುತ್ಯಾ, ಥಂಡಿ ಆಗಾಕತ್ತದೇನ್ರಿ?” ಎಂದು ಕೇಳಿದಳು. ಆ ಮಾತಿನಲ್ಲಿದ್ದ ಕಾಳಜಿಗೆ ಅವನ ಎದೆ ಕರಗಿತು. ಇಂಥ ಹುಡುಗಿಯ ಲಗ್ನದ ಹರಕೆಯನ್ನು ಸುಳ್ಳು ಹಿರಿಯ ತೀರಿಸಿದರೆ ಅದು ತೀರಿದ ಹಾಗೆ ಆಗುತ್ತದೆಯೇ? ಮೊಣಕಾಲು ಒಪ್ಪದ್ದನ್ನು ಮನಸ್ಸಾಕ್ಷಿಯೂ ಒಪ್ಪಲಿಲ್ಲ ಅನ್ನುವುದು ಅವನಿಗೆ ದೊಡ್ಡ ಅನುಕೂಲವಾಯಿತು.

ನೀರಿನಿಂದ ಎದ್ದು ಬಂದು, ನೀರು ಸುರಿಯುವ ಧೋತರದಲ್ಲಿಯೇ ದೌಲತರಾಯನ ಮುಂದೆ ಕೈ ಮುಗಿದ.

“ಮಾಸ್ತರ, ನಾ ಹಿರ್ಯಾ ಅಲ್ರಿ. ಹಿರ್ಯಾನೋ ಕಿರ್ಯಾನೋ ನಂಗೇ ಗೊತ್ತಿಲ್ಲ. ಆ ಇಸವಿ ನಾನೇ ಹಾಕಿದ್ದು, ಸುಮ್ನ. ಕಂಪ್ಯೂಟರ್ ಮುಂದ ಬಿಡವಲ್ದಾಗಿತ್ತು.”

ಹಲಗೆ ನಿಂತಿತು. ಹೋಳಿಗೆ ಹಂಚಿನ ಮೇಲೆಯೇ ಉಳಿದು ಕಮರಿದ ವಾಸನೆ ಬಂತು. ನಲವತ್ತು ಜೋಡಿ ಕಣ್ಣು ಅವನ ಮೇಲೆ. ಕಲ್ಲಿನಾಥ ತಲೆ ತಗ್ಗಿಸಿದ. ರುಮಾಲಿನಿಂದ ನೀರು ಮೂಗಿನ ಮೇಲೆ ತೊಟ್ಟಿಕ್ಕಿತು. ಇನ್ನು ಇವರೆಲ್ಲ ಚಾಪೆ ಸುತ್ತಿಕೊಂಡು ಜೇವರ್ಗಿ ದಾರಿ ಹಿಡಿಯುತ್ತಾರೆ ಎಂದುಕೊಂಡ.

ದೌಲತರಾಯ ಎರಡು ಸಲ ಕೆಮ್ಮಿದ. ಮೀಸೆ ತಿರುವಿದ. ಆಮೇಲೆ ಅಂದ: “ನಾನೂ ಒಂದು ಖರೇ ಹೇಳಿಬಿಡ್ತೇನಿ. ನಮ್ಮ ವಂಶಾವಳಿ ಹಾಕಬೇಕಾರ ನಂಗೂ ಆ ಕೆಂಪು ಡಬ್ಬಿ ಬಂದಿತ್ತು. ಹರಕಿ ಹಿರಿ ಮನಿಗೆ ಬೀಳ್ತದ ಅಂತ ತಿಳದು, ನಮ್ಮ ಮುತ್ಯಾನ್ನ ತಮ್ಮ ಮಾಡಿ ಕುಂದರಿಸಿದೆ. ನಿಮ್ಮ ಇಸವಿ ನೋಡಿ ಎಷ್ಟು ಹಗುರಾತು ಅಂದ್ರ, ಅವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದೇನಿ.”

“ಅಂದ್ರ ನಿಮಗೂ ಗೊತ್ತಿಲ್ಲೇನು?”

“ಗೊತ್ತಿಲ್ಲ.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಹಮೀದಾಬೇಗಂ ನಕ್ಕಳು. ಆಮೇಲೆ ಶಾಮಿಯಾನಕ್ಕೆ ಶಾಮಿಯಾನವೇ ನಕ್ಕಿತು. ಯಾರೂ ಚಾಪೆ ಸುತ್ತಲಿಲ್ಲ. ಕಲ್ಲಿನಾಥನಿಗೆ ಹೋದ ಜೀವ ಬಂದ ಹಾಗಾಯಿತು.

“ನಗೋದು ಸಾಕು,” ದೇವೀಂದ್ರಪ್ಪ ಕಚೇರಿ ದನಿಯಲ್ಲಿ ಅಂದ. “ಹರಕಿ ಯಾರ ವಿಳಾಸಕ್ಕ ಮುಟ್ಟಬೇಕು, ಅದು ಪಕ್ಕಾ ಆಗ್ಲಿ.”

“ನಮ್ಮವ್ವ ಬರ್ಲಿ,” ಅಂದ ದೌಲತರಾಯ. “ಎಂಬತ್ತೆಂಟು ವರ್ಷದಾಕಿ. ಮುತ್ಯಾನ್ನ ಕಣ್ಣಾರ ಕಂಡಾಕಿ ಆಕಿ ಒಬ್ಬಾಕಿನೇ ಉಳದಾಳ. ಹಿಂದಿನ ಗಾಡ್ಯಾಗ ಬರಾಕತ್ತಾಳ.”

ಅರ್ಧ ತಾಸಿಗೆ ಗಾಡಿ ಬಂತು. ಸುಮಿತ್ರಾಬಾಯಿಯನ್ನು ಪ್ಲಾಸ್ಟಿಕ್ ಕುರ್ಚಿ ಸಮೇತ ನಾಲ್ವರು ಎತ್ತಿಕೊಂಡು ಬಂದು ಮೆಟ್ಟಿಲ ಹತ್ತಿರ ಇಳಿಸಿದರು. ಮುದುಕಿ ಎಲೆಅಡಿಕೆ ಬಾಯಿಗೆ ಹಾಕಿಕೊಂಡಳು, ಸೆರಗು ಸರಿ ಮಾಡಿಕೊಂಡಳು. ಮಗ ಹೇಳಿದ್ದನ್ನೆಲ್ಲ ಕೇಳಿ ಅವನಿಗೇ ಬೈದಳು.

“ಏ ದೌಲತ್ಯಾ, ಮಾಸ್ತರಕಿ ಮಾಡಿದಿ, ಮನ್ಯಾಗಿನ ಮುದುಕೀನ ಒಂದು ಮಾತು ಕೇಳಬೇಕು ಅಂತ ತಿಳೀಲಿಲ್ಲೇನು? ಫೋನಿನ್ಯಾಗ ಹುಡಕತಾನಂತ ಫೋನಿನ್ಯಾಗ! ನಾ ಲಗ್ನಾಗಿ ಬಂದಾಗ ಶಿವಲಿಂಗಪ್ಪ ಮುತ್ಯಾ ಇನ್ನೂ ಗಟ್ಟಿ ಇದ್ದ. ದಿನಾ ಅವನ ಕಾಲು ತಿಕ್ಕಾಕಿ ನಾನೇ. ಅವನೇ ಅಣ್ಣ. ಗುರುಪಾದಪ್ಪ ತಮ್ಮ. ಪಾಲಾಗಬೇಕಾರ ಕುಂಟ ಎತ್ತು ನಂಗ ಬಂತು ಅಂತ ಸಿಟ್ಟು ಮಾಡ್ಕೊಂಡು, ಹೇಳದ ಕೇಳದ ಮಟಕಿ ಬಿಟ್ಟು ಓಡಿ ಹೋದಾಂವ ಆ ತಮ್ಮನೇ. ಅವನ್ನ ಹುಡಕ್ಕೋತ ಬಂದೇ ನಮ್ಮ ಮುತ್ಯಾ ಜೇವರ್ಗ್ಯಾಗ ನೆಲಿ ನಿಂತಾಂವ.”

ತಮ್ಮ! ಕಲ್ಲಿನಾಥನಿಗೆ ಈ ಎರಡಕ್ಷರ ಹೋಳಿಗೆಯ ಮೇಲೆ ತುಪ್ಪ ಬಿದ್ದ ಹಾಗೆ ಕೇಳಿಸಿತು. ಯಾರೂ ಕೇಳುವ ಮೊದಲೇ ರುಮಾಲು ಬಿಚ್ಚಿ, ಹಿಂಡಿ, ದೌಲತರಾಯನ ತಲೆಗೆ ತಾನೇ ಸುತ್ತಿದ. ಅಷ್ಟು ಸಂತೋಷದಿಂದ ಹಿರಿತನ ಬಿಟ್ಟುಕೊಟ್ಟವರನ್ನು ಆ ಹೊಳೆದಂಡೆ ಕಂಡಿರಲಿಲ್ಲ. ಬಗ್ಗಿ ಅವನ ಕಾಲು ಮುಟ್ಟಿದ, ಮುದುಕಿಯ ಕಾಲೂ ಮುಟ್ಟಿದ.

“ಅಣ್ಣಾರ, ಪತ್ರಿಕಾದಾಗ ನಿಮ್ಮ ಹೆಸರೇ ಮೊದಲು. ನನ್ನದು ಎಲ್ಲಾರಕಿಂತ ಕೆಳಗ ಹಾಕ್ತೇನಿ. ಹಾಕದಿದ್ರೂ ನಡೀತದ! ವಿದ್ಯಾ, ಒಂದು ಹೋಳಿಗಿ ತಾ ಇಲ್ಲಿ.”

ದೌಲತರಾಯನ ಮುಖ ಒಣಗಿದ ಬದನೆಕಾಯಿಯಾಗಿತ್ತು. ನಿಟ್ಟುಸಿರು ಬಿಟ್ಟು, ಅಂಗಿಯ ಗುಂಡಿ ಒಂದೊಂದೇ ಬಿಚ್ಚತೊಡಗಿದ. ಕಲ್ಲಿನಾಥ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ಹೋಳಿಗೆಯ ಅಂಚು ಮುರಿದು ತುಪ್ಪಕ್ಕೆ ಅದ್ದಿದ.

“ನೀ ಯಾಕ ಅಂಗಿ ಬಿಚ್ಚಾಕತ್ತಿದಿ?” ಅಂದಳು ಸುಮಿತ್ರಾಬಾಯಿ.

“ಹರಕಿ ಹಿರಿ ಮನೀದಲ್ಲೇನವ್ವ?”

“ಹರಕಿ ಹೊತ್ತಾಂವ ಹಿರ್ಯಾ. ಹಾಕವ ಹಿರ್ಯಾ ಅಂತ ಯಾರು ಹೇಳಿದ್ರು?” ಮುದುಕಿ ಎಲೆಅಡಿಕೆ ಉಗುಳಿ ಬಾಯಿ ಒರೆಸಿಕೊಂಡಳು. “ನೀ ಸಣ್ಣಾಂವ ಇದ್ದಾಗ ಜ್ವರ ಬಂತಂತ ನಾ ಹರಕಿ ಹೊತ್ತೆ, ಜಡಿ ಬೋಳಿಸಿಕೊಂಡಾಂವ ಯಾರು? ನೀನೋ ನಾನೋ? ಹಂಗೇ ಇದೂ. ಮುತ್ಯಾ ಇಲ್ಲೇ ನಿಂತು ಏನಂದಿದ್ನಂತ ಗೊತ್ತೇನು? ‘ಅವ್ವಾ ಭಾಗ್ಯವಂತಿ, ನನ್ನ ತಮ್ಮ ತಿರಗಿ ಬರ್ಲಿ. ಅಂವ ಇಲ್ಲಂದ್ರ ಅವನ ಹೊಟ್ಟೀಲೆ ಹುಟ್ಟಿದವ್ರು ಬರ್ಲಿ. ಬಂದ ದಿನ ಅವ್ರ ಕೈಲೆ ನಿನಗ ದೀಡ ನಮಸ್ಕಾರ ಹಾಕಸ್ತೇನಿ. ಹೇಳದ ಓಡಿ ಹೋಗ್ಯಾನ ಮಗ, ವಾಪಸ್ ದಾರಿ ಹೊಟ್ಟೀಲೆ ಅಳದು ಬರ್ಲಿ’ ಅಂದಿದ್ನಂತ.”

ಹೋಳಿಗೆ ಕಲ್ಲಿನಾಥನ ಬಾಯಿಗೂ ತುಪ್ಪಕ್ಕೂ ನಡುವೆ ನಿಂತಿತು.

ದೌಲತರಾಯ ಬಿಚ್ಚಿದ ಗುಂಡಿಗಳನ್ನು ಬಿಚ್ಚಿದ್ದಕ್ಕಿಂತ ಬೇಗ ಹಾಕಿಕೊಂಡ. ರುಮಾಲನ್ನು ಒಂದು ಸಲ ಮುಟ್ಟಿ ನೋಡಿ ಗಟ್ಟಿ ಮಾಡಿಕೊಂಡ.

“ತೌಬಾ ತೌಬಾ,” ಹಮೀದಾಬೇಗಂ ಹಣೆ ಬಡಿದುಕೊಂಡಳು. “ಸುಮ್ನ ಬಾಯಿ ಮುಚ್ಚಿಕೊಂಡು ಹಾಕಿದ್ರ ಹಿರ್ಯಾ ಆಗಿ ಹಾಕಿರ್ತಿದ್ರಿ ಭಾಯಿಸಾಬ್. ಈಗ ನಮಸ್ಕಾರ ಅಷ್ಟೇ ಉಳೀತು, ರುಮಾಲೂ ಹೋತು!”

“ಮೇಲಿಂದ ಹೆಸರು ಎಲ್ಲಾರಕಿಂತ ಕೆಳಗ,” ಎಂದು ದೇವೀಂದ್ರಪ್ಪ ಮುದ್ರೆ ಒತ್ತಿದ. “ತಾವೇ ಹೇಳ್ಯಾರ, ನಾ ಸಾಕ್ಷಿ.”

ಕಲ್ಲಿನಾಥ ಕಡೆಯ ಆಸೆಯಿಂದ ಮುದುಕಿಯ ಕಡೆ ತಿರುಗಿದ. “ದೊಡ್ಡವ್ವ, ನಂಗ ಮೊಣಕಾಲು ನೋವು, ಬಿಪಿ...”

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಬೊಚ್ಚು ಬಾಯಿ ಅಗಲವಾಯಿತು. “ಕಂಪ್ಯೂಟರ್ ಯಾಕ ಬೇಕ್ರಲೇ? ಕೆಲಸ ಅಂದ ಕೂಡ್ಲೇ ತಪ್ಪಿಸಿಕೊಳ್ಳೂ ದಾರಿ ಹುಡಕಾಕತ್ತಾನ. ಖರೇ ಗುರುಪಾದಪ್ಪನ ವಂಶನೇ!”

ಹಲಗೆ ಶುರುವಾಯಿತು. ಕಲ್ಲಿನಾಥ ಎದ್ದ, ದೇವಿಯನ್ನು ನೆನೆದ, ಕುಂಟ ಎತ್ತನ್ನೂ ನೆನೆದ. ಮೈಯುದ್ದ ನೆಲಕ್ಕೆ ಬಿದ್ದ. ದೊಡ್ಡ ಜೋಳದ ಚೀಲ ಇಳಿಸಿದ ಹಾಗೆ ಸದ್ದಾಯಿತು. ಚಾಚಿದ ಕೈ ತುದಿಯಲ್ಲಿ ದೇವೀಂದ್ರಪ್ಪ ಬೇವಿನ ಕಡ್ಡಿಯಿಂದ ಗೆರೆ ಎಳೆದ.

“ಏಳಲೇ ತಮ್ಮಾ,” ಅಂದ ದೌಲತರಾಯ ಪಕ್ಕದಲ್ಲೇ ಬಗ್ಗಿ. “ನಾ ಸಂಗಾಟ ಅದೇನಿ. ಗುಡೀತನಕ ನಡಕೋತ ಬರ್ತೇನಿ. ಬಿದ್ದಾಗೊಮ್ಮೆ ನಾ ಎಬ್ಬಸ್ತೇನಿ.”

‘ರಿ’ ಹೋಗಿ ‘ಲೇ’ ಬಂದಿತ್ತು. ಅಪ್ಪ ತೀರಿದ ಮೇಲೆ ಕಲ್ಲಿನಾಥನನ್ನು ಹಾಗೆ ಯಾರೂ ಕರೆದಿರಲಿಲ್ಲ. ಕಾಯಬೇಕಾದ ಇಸವಿ ಇಲ್ಲ, ಹೊರಬೇಕಾದ ರುಮಾಲಿಲ್ಲ, ಎದೆಯ ಕೆಳಗೆ ಬೆಚ್ಚನೆಯ ನೆಲ. ಸುತ್ತ ಎಲ್ಲಿ ನೋಡಿದರೂ ತನ್ನವರ ಕಾಲುಗಳು.

“ಏಳ್ತೇನಿ ತಡೀ ಅಣ್ಣಾ,” ಎಂದು ಗಲ್ಲವನ್ನು ನೆಲಕ್ಕಿಟ್ಟು ಕಣ್ಣು ಮುಚ್ಚಿದ.

ದೌಲತರಾಯ ಕಾಯ್ದ. ಹಲಗೆಯವನೂ ಕಾಯ್ದ. ತುಸು ಹೊತ್ತಾದ ಮೇಲೆ ವಿದ್ಯಾವತಿ ಬಗ್ಗಿ ನೋಡಿ ಮುಖ ಮುಚ್ಚಿಕೊಂಡಳು.

“ಎಬ್ಬಸ್ರಿ ಭಾವ, ಲಗೂ ಎಬ್ಬಸ್ರಿ. ಇವ್ರು ಗೊರಕಿ ಹೊಡ್ಯಾಕತ್ತಾರ.”